ಹಣ್ಣಿಗೊಪ್ಪುವ ರಸ

ನಮ್ಮ ಕಲ್ಯಾಣಮಂಟಪಗಳಲ್ಲಿ ಊಟವು ಮುಗಿಯುವ ಹೊತ್ತಿಗೆ ಎಲೆಯ ಪಕ್ಕದಲ್ಲಿ ಕಾಗದದ ಪುಟ್ಟ ಬಟ್ಟಲೊಂದನ್ನಿರಿಸಿ, ಅದರಲ್ಲಿ ಹಳದಿ ಬಣ್ಣದ ಮಂದವಾದ ದ್ರವವನ್ನು ಬಡಿಸಿ, ಅದನ್ನು ಫ್ರೂಟ್ ಸಲಾಡ್ ಎಂದು ಕರೆಯುವ ಪದ್ಧತಿ ಈಗ ಎಷ್ಟು ಬಲವಾಗಿ ಬೇರೂರಿದೆಯೆಂದರೆ, ಆ ದ್ರವದೊಳಗೆ ಮುಳುಗಿರುವ ನಾಲ್ಕು ಹೋಳುಗಳು ಯಾವ ಹಣ್ಣಿನವೆಂದು ವಿಚಾರಿಸುವ ಕುತೂಹಲವೂ ಉಣ್ಣುವವರಲ್ಲಿ ಉಳಿದಂತೆ ಕಾಣುವುದಿಲ್ಲ. ಬಾಳೆಯೂ ಸೇಬೂ ದ್ರಾಕ್ಷಿಯೂ ಅಲ್ಲಿ ಒಂದೇ ರುಚಿಯವಾಗಿರುತ್ತವೆ. ಆ ರುಚಿ ವೆನಿಲ್ಲಾದ್ದು, ಸಕ್ಕರೆಯದು, ಮಂಜುಗಡ್ಡೆಯ ಶೈತ್ಯದ್ದು. ಹಣ್ಣಿನ ಗುಣವನ್ನು ಎತ್ತಿ ತೋರಿಸುವುದಕ್ಕಾಗಿ ಸಿದ್ಧವಾಗಬೇಕಾದ ಭಕ್ಷ್ಯವು ಹಣ್ಣನ್ನೇ ಮರೆಸುವ ಭಕ್ಷ್ಯವಾಗಿ ಪರಿಣಮಿಸಿರುವುದು ಅಲ್ಪ ವಿಷಯವೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಮಾವು, ಹಲಸು, ಬಾಳೆ, ಕಿತ್ತಳೆ, ಚಕ್ಕೋತ, ಸೀಬೆ, ಸೀತಾಫಲ, ದಾಳಿಂಬೆಗಳೆಲ್ಲವೂ ಒಂದಲ್ಲ ಒಂದು ಸೀಮೆಯಲ್ಲಿ ಸಮೃದ್ಧವಾಗಿ ಬೆಳೆಯುವ ನಾಡಿನಲ್ಲಿ, ಹಣ್ಣನ್ನು ಹೆಚ್ಚಿ ಅದಕ್ಕೊಪ್ಪುವ ರಸವೊಂದನ್ನು ಮನೆಯಲ್ಲಿಯೇ ಕೂಡಿಸಿ ಉಣ್ಣುವ ವಿದ್ಯೆಯು ಹಿರಿಯರಿಂದ ನಮಗೆ ದತ್ತವಾಗಿರುವಾಗ, ಅದನ್ನು ಬದಿಗಿರಿಸಿ ಡಬ್ಬಿಯ ಪುಡಿಗೆ ಮೊರೆಹೋಗುವ ಅವಶ್ಯಕತೆ ಏನಿತ್ತು ಎಂಬುದನ್ನು ನಾವು ಒಮ್ಮೆ ಕುಳಿತು ಆಲೋಚಿಸಬೇಕಾಗಿದೆ.

ಕಸ್ಟರ್ಡ್ ಪುಡಿಯನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ಅದರ ಜನ್ಮಕ್ಕೆ ಕಾರಣವಾದದ್ದು ಒಂದು ಮನೆಯ ನಿಜವಾದ ಅಗತ್ಯ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಔಷಧದ ಅಂಗಡಿಯಿಟ್ಟಿದ್ದ ಆಲ್‌ಫ್ರೆಡ್ ಬರ್ಡ್ ಎಂಬಾತನು, ಮೊಟ್ಟೆಯು ದೇಹಕ್ಕೆ ಒಗ್ಗದೆ ಇದ್ದ ತನ್ನ ಹೆಂಡತಿಯ ಸಲುವಾಗಿ, ಮೊಟ್ಟೆಗೆ ಬದಲಾಗಿ ಮೆಕ್ಕೆಜೋಳದ ಪಿಷ್ಟದಿಂದ ಹಾಲನ್ನು ಮಂದಗೊಳಿಸುವ ಉಪಾಯವನ್ನು 1837ರಲ್ಲಿ ಕಂಡುಕೊಂಡನು. ಮೊಟ್ಟೆಯಿಲ್ಲವೆಂಬ ಕಾರಣದಿಂದಲೇ ಆ ಪುಡಿ ಮುಂದೆ ನಮ್ಮ ಸಸ್ಯಾಹಾರಿ ಮನೆಗಳನ್ನೂ ಹೊಟೇಲುಗಳನ್ನೂ ಸಂಕೋಚವಿಲ್ಲದೆ ಪ್ರವೇಶಿಸಿತು. ಚಳಿಯಿಂದ ಕೈಕಾಲು ಮರಗಟ್ಟುವ ದೇಶದಲ್ಲಿ, ಬೇಯಿಸಿದ ಸೇಬಿನ ಮೇಲೆ ಬಿಸಿಬಿಸಿಯಾಗಿ ಸುರಿದು ಉಣ್ಣುವುದಕ್ಕೆ ಅದು ತಕ್ಕದ್ದೆಂದು ಒಪ್ಪುತ್ತೇನೆ. ಆದರೆ ವೈಶಾಖದ ಮಧ್ಯಾಹ್ನದಲ್ಲಿ, ಹೋಳಿಗೆ ತುಪ್ಪವನ್ನು ಉಂಡು ದಣಿದ ನಾಲಗೆಗೆ ಬೇಕಾದದ್ದು ಮತ್ತಷ್ಟು ಹಾಲು, ಮತ್ತಷ್ಟು ಪಿಷ್ಟ, ಮತ್ತಷ್ಟು ಸಕ್ಕರೆಯಲ್ಲ. ಹುಳಿಯಿಂದ ಚುರುಕುಗೊಂಡ, ಲಘುವಾದ, ಹಣ್ಣಿನ ಸ್ವಂತ ಪರಿಮಳವನ್ನು ಬಿಟ್ಟುಕೊಡದ ಒಂದು ಬಟ್ಟಲು.

ರುಚಿಯ ಮಾತನ್ನು ಬದಿಗಿಟ್ಟು ಪದಾರ್ಥಗಳ ಸ್ವಭಾವವನ್ನು ನೋಡಿದರೂ ಹಾಲಿನ ಈ ದ್ರವಕ್ಕೂ ನಮ್ಮ ಅನೇಕ ಹಣ್ಣುಗಳಿಗೂ ಮೈತ್ರಿ ಕೂಡಿಬರುವುದಿಲ್ಲ. ಅನಾನಸಿನಲ್ಲಿ ಬ್ರೊಮಿಲೇನ್ ಎಂಬ ಕಿಣ್ವವೂ ಪರಂಗಿಯಲ್ಲಿ ಪಪೇನ್ ಎಂಬ ಕಿಣ್ವವೂ ಇವೆ. ಇವೆರಡೂ ಹಾಲಿನ ಪ್ರೋಟೀನನ್ನು ಕತ್ತರಿಸಿ ಸಣ್ಣ ತುಣುಕುಗಳನ್ನಾಗಿ ಮಾಡುತ್ತವೆ, ಆ ತುಣುಕುಗಳಲ್ಲಿ ಹಲವು ಕಹಿಯಾಗಿರುತ್ತವೆ. ಹಸಿಯ ಅನಾನಸನ್ನು ಮೊಸರಿನಲ್ಲಿಯೋ ಹಾಲಿನಲ್ಲಿಯೋ ಕಲಸಿಟ್ಟು ಅರ್ಧಗಂಟೆ ಬಿಟ್ಟು ತಿಂದವರು ನಾಲಗೆಯ ಹಿಂಭಾಗದಲ್ಲಿ ಒಂದು ವಿಚಿತ್ರವಾದ ಕಹಿಯನ್ನು ಅನುಭವಿಸಿರಲೇಬೇಕು. ಬೆಂಕಿಯ ಮೇಲೆ ಬೇಯಿಸಿದರೆ ಈ ಕಿಣ್ವವು ನಾಶವಾಗುತ್ತದೆ; ಆದಕಾರಣವೇ ಅನಾನಸಿನ ಗೊಜ್ಜು, ಮೆಣಸ್ಕಾಯಿ, ಕೇಸರಿಭಾತುಗಳಲ್ಲಿ ಆ ದೋಷ ತಲೆದೋರದು. ಕಿತ್ತಳೆ, ದ್ರಾಕ್ಷಿಗಳ ಆಮ್ಲವಾದರೋ ಹಾಲನ್ನು ಒಡೆಯಿಸುತ್ತದೆ. ಹುಳಿಹಣ್ಣುಗಳನ್ನು ಹಾಲಿನೊಡನೆ ಸೇವಿಸುವುದನ್ನು ಚರಕಸಂಹಿತೆಯು ವಿರುದ್ಧಾಹಾರಗಳ ಸಾಲಿನಲ್ಲಿ ಎಣಿಸಿರುವುದು ಬಹುಮಂದಿಗೆ ತಿಳಿದ ಸಂಗತಿ. ಹೀಗಿರುವಲ್ಲಿ ಹೊಟೇಲಿನವರು ತಾಜಾ ಅನಾನಸನ್ನು ಬಿಟ್ಟು, ಶಾಖದಿಂದ ಕಿಣ್ವವನ್ನು ಕಳೆದುಕೊಂಡ ಡಬ್ಬಿಯ ಅನಾನಸನ್ನು ಹುಡುಕಬೇಕಾಗುತ್ತದೆ. ಬಣ್ಣಕ್ಕೆಂದು ಮೇಲೆ ಉದುರಿಸುವ ಟೂಟಿಫ್ರೂಟಿಯು ಸಕ್ಕರೆಯ ಪಾಕದಲ್ಲಿ ಅದ್ದಿ ಬಣ್ಣ ಹಾಕಿದ ಪರಂಗಿಕಾಯಿ. ಅದರ ತುದಿಯಲ್ಲಿ ಕೂರಿಸುವ ಕೆಂಪು ಚೆರ್ರಿಯಾದರೂ ಬಹುತೇಕ ಅಂಗಡಿಗಳಲ್ಲಿ ಬಣ್ಣ ಕಟ್ಟಿದ ಕವಳಿಕಾಯಿಯೇ. ಪರಂಗಿಯೂ ಕವಳಿಯೂ ನಮ್ಮ ತೋಟದ, ಬೇಲಿಯ ಫಲಗಳಾಗಿದ್ದು, ತಮ್ಮ ಸಹಜವಾದ ಹುಳಿಯೊಡನೆ, ಪರಿಮಳದೊಡನೆ ನಮ್ಮ ಬಟ್ಟಲನ್ನು ಸೇರಬಹುದಾಗಿದ್ದರೂ, ಅವು ವೇಷ ಮರೆಸಿಕೊಂಡು ಬರುವಂತೆ ನಾವು ಮಾಡಿದ್ದೇವೆ.

ಹಣ್ಣಿಗೆ ರಸವನ್ನು ಕೂಡಿಸುವ ಕಲೆಯನ್ನು ನಾವು ಹೊರಗಿನಿಂದ ಕಲಿಯಬೇಕಾದದ್ದೇನೂ ಇರಲಿಲ್ಲ. 1025ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಪಾಕಶಾಸ್ತ್ರಕ್ಕೆ ಪ್ರತ್ಯೇಕವಾದ ಅಧ್ಯಾಯವುಂಟು, ಮುಂದಿನ ಶತಮಾನದಲ್ಲಿ ಕಲ್ಯಾಣದ ಅರಸನಾದ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವನ್ನೂ ಪಾನೀಯಭೋಗವನ್ನೂ ರಾಜಯೋಗ್ಯವಾದ ವಿಷಯಗಳೆಂದು ಎಣಿಸಿ ವಿಸ್ತರಿಸಿದನು, ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಆದಿಯಲ್ಲಿ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದನು. ಗ್ರಂಥಗಳ ಮಾತು ಹಾಗಿರಲಿ. ದಕ್ಷಿಣ ಕನ್ನಡ, ಉಡುಪಿ, ಮಲೆನಾಡುಗಳ ಮನೆಗಳಲ್ಲಿ ಬಾಳೆಯ ಹಣ್ಣನ್ನು ಹೆಚ್ಚಿ, ತೆಂಗಿನ ಕಾಯಿಯ ಹಾಲಿಗೆ ಬೆಲ್ಲ ಏಲಕ್ಕಿಗಳನ್ನು ಬೆರೆಸಿ ಅದರ ಮೇಲೆರೆದು, ಹುರಿದ ಎಳ್ಳನ್ನು ಉದುರಿಸಿ, ಒತ್ತುಶಾವಿಗೆಯೊಡನೆ ಬಡಿಸುವ ರಸಾಯನವು ಇಂದಿಗೂ ನಡೆದುಬಂದಿದೆ. ಮೈಸೂರು ಬೆಂಗಳೂರುಗಳ ಸೀಮೆಯಲ್ಲಿ ಶ್ರೀರಾಮನವಮಿಯಂದು ಕರಬೂಜದ ಹಣ್ಣನ್ನು ಬೆಲ್ಲ ಏಲಕ್ಕಿಗಳೊಡನೆ ಕೂಡಿಸಿ ನೈವೇದ್ಯಕ್ಕಿಡುವ ವಾಡಿಕೆಯನ್ನು ಕಾಣದವರಾರು? ಉತ್ತರದ ಜಿಲ್ಲೆಗಳಲ್ಲಿ ಮಾವಿನ ಸೀಕರಣೆಯಿಲ್ಲದೆ ಬೇಸಗೆಯ ಹಬ್ಬ ಹಬ್ಬವೆನಿಸದು. ಇನ್ನು ಶಾಲೆಯ ಬಾಗಿಲಿನಲ್ಲಿ ಸೀಬೆಯನ್ನು ಸೀಳಿ ಉಪ್ಪುಖಾರ ಸವರಿ ಕೊಡುವ ಅಜ್ಜಿಯೂ ಈ ವಿದ್ಯೆಯ ವಾರಸುದಾರಳೇ. ಹಣ್ಣಿನ ಒಗರನ್ನು ಉಪ್ಪು ಹೇಗೆ ಅಡಗಿಸುತ್ತದೆ, ಖಾರವು ಸಿಹಿಯನ್ನು ಹೇಗೆ ಮುಂದಕ್ಕೆ ತರುತ್ತದೆ ಎಂಬುದನ್ನು ಆಕೆ ಯಾವ ಗ್ರಂಥದ ನೆರವೂ ಇಲ್ಲದೆ ಬಲ್ಲಳು.

ಈ ಪರಂಪರೆಯನ್ನು ಮುಂದಿಟ್ಟುಕೊಂಡು, ಹಲವು ಹಣ್ಣುಗಳನ್ನು ಒಂದೇ ಬಟ್ಟಲಿನಲ್ಲಿ ಕೂಡಿಸುವಾಗ ಮೇಲೆ ಎರೆಯಲು ತಕ್ಕದ್ದಾದ ರಸ ಯಾವುದೆಂದು ಕೇಳಿದರೆ, ನಿಂಬೆ ಬೆಲ್ಲಗಳ ರಸವೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಹೆಚ್ಚಿದ ಹಣ್ಣು ಒಂದು ಕಿಲೋ ಆಗುವುದಾದರೆ 50 ಗ್ರಾಮಿನಷ್ಟು ಬೆಲ್ಲ ಸಾಕು. ಆ ಬೆಲ್ಲವನ್ನು ಕಾಲು ಲೋಟ ನೀರಿನಲ್ಲಿ ಕರಗಿಸಿ, ಒಂದು ಕುದಿ ಬಂದೊಡನೆ ಇಳಿಸಿ, ತೆಳುವಾದ ಬಟ್ಟೆಯಲ್ಲಿ ಸೋಸಬೇಕು. ಆಲೆಮನೆಯ ಬೆಲ್ಲದಲ್ಲಿ ಮರಳಿನ ಕಣವೋ ಕಬ್ಬಿನ ಸಿಪ್ಪೆಯ ಎಳೆಯೋ ಇರುವುದು ಸಹಜವಾದ್ದರಿಂದ ಸೋಸುವಿಕೆಯನ್ನು ಬಿಡುವಂತಿಲ್ಲ. ಪಾಕವು ಸಂಪೂರ್ಣವಾಗಿ ಆರಿದ ಮೇಲೆಯೇ ಎರಡು ನಿಂಬೆಹಣ್ಣುಗಳ ರಸವನ್ನು ಹಿಂಡತಕ್ಕದ್ದು; ಬಿಸಿಯಲ್ಲಿ ಹಿಂಡಿದರೆ ನಿಂಬೆಯ ಪರಿಮಳ ಆವಿಯಾಗಿ ಹೋಗಿ ಬರಿಯ ಹುಳಿ ಉಳಿಯುತ್ತದೆ, ಕೆಲವೊಮ್ಮೆ ಕಹಿಯೂ ಸೇರುತ್ತದೆ. ಅಂಗುಲದಷ್ಟು ಹಸಿಶುಂಠಿಯನ್ನು ಜಜ್ಜಿ ಅದರ ರಸವನ್ನು ಮಾತ್ರ ಹಿಂಡಿಕೊಂಡು, ನಾರನ್ನು ಎಸೆದು, ಎಂಟು ಹತ್ತು ಕಾಳು ಮೆಣಸನ್ನು ತರಿತರಿಯಾಗಿ ಕುಟ್ಟಿ, ಒಂದು ಚಿಟಿಕೆ ಉಪ್ಪನ್ನು ಬೆರೆಸಿದರೆ ರಸ ಸಿದ್ಧವಾಯಿತು. ಪುದೀನದ ನಾಲ್ಕು ಎಲೆಗಳನ್ನು ಚಾಕುವಿನಿಂದ ಹೆಚ್ಚದೆ ಕೈಯಿಂದ ಹರಿದು ಹಾಕಬಹುದು; ಮನೆಯ ಮುಂದಿನ ತುಳಸಿಯೂ ಆಗಬಹುದು, ಆದರೆ ಎರಡನ್ನೂ ಒಟ್ಟಿಗೆ ಹಾಕುವುದು ಸಲ್ಲದು, ಒಂದರ ಗಂಧ ಮತ್ತೊಂದರದನ್ನು ಕೆಡಿಸುತ್ತದೆ. ಬರಿಯ ರಸವನ್ನು ನಾಲಗೆಗೆ ತಗುಲಿಸಿ ನೋಡಿದಾಗ ಅದು ತುಸು ಹೆಚ್ಚೇ ಹುಳಿ, ತುಸು ಹೆಚ್ಚೇ ಖಾರವೆಂದು ತೋರಬೇಕು. ಸಿಹಿಯನ್ನು ತರುವ ಕೆಲಸ ಹಣ್ಣಿನದು. ರಸವೂ ಅದೇ ಕೆಲಸಕ್ಕೆ ಇಳಿದರೆ ಬಟ್ಟಲು ಸಪ್ಪೆಯಾಗುತ್ತದೆ.

ನಿಂಬೆಯನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ರುಚಿಯ ಹೊರತಾಗಿ ಮತ್ತೊಂದು ಕಾರಣವೂ ಇದೆ. ಹೆಚ್ಚಿದ ಸೇಬು, ಬಾಳೆ, ಸೀಬೆಗಳ ಮೈ ಕಂದುವುದು ಅವುಗಳೊಳಗಿನ ಒಂದು ಕಿಣ್ವವು ಗಾಳಿಯ ಆಮ್ಲಜನಕದ ನೆರವಿನಿಂದ ನಡೆಸುವ ಕ್ರಿಯೆಯಿಂದ. ನಿಂಬೆಯ ಆಮ್ಲವು ಆ ಕಿಣ್ವದ ವೇಗವನ್ನು ತಗ್ಗಿಸುತ್ತದೆ, ಅದರಲ್ಲಿರುವ ಸಿ ಜೀವಸತ್ವವು ಕಂದುಬಣ್ಣ ಕಟ್ಟುವುದನ್ನು ತಡೆಯುತ್ತದೆ. ಕಬ್ಬಿಣದ ಈಳಿಗೆಮಣೆಯಲ್ಲಿ ಹೆಚ್ಚಿದ ಸೀಬೆ ಬಾಳೆಗಳು ಮತ್ತಷ್ಟು ಬೇಗ ಕಪ್ಪಾಗುವುದಕ್ಕೆ ಕಬ್ಬಿಣಕ್ಕೂ ಹಣ್ಣಿನ ಒಗರಿಗೂ ಇರುವ ಸಂಬಂಧವು ಕಾರಣ; ಹಣ್ಣಿನ ಕೆಲಸಕ್ಕೆ ತುಕ್ಕು ಹಿಡಿಯದ ಉಕ್ಕಿನ ಅಲಗು ಮೇಲು. ಬೆಲ್ಲದ ವಿಷಯದಲ್ಲಿಯೂ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು: ಹೊನ್ನಿನಂತೆ ಹೊಳೆಯುವ ತಿಳಿಹಳದಿಯ ಅಚ್ಚುಬೆಲ್ಲಕ್ಕೆ ಕಣ್ಣು ಸೋಲುವುದು ಸಹಜವಾದರೂ, ಆ ಬಣ್ಣವು ಬಹುಸಲ ಹೈಡ್ರೋಸ್ ಎಂಬ ರಾಸಾಯನಿಕದ ಫಲ. ಮಂಡ್ಯದ ಸೀಮೆಯ ಆಲೆಮನೆಗಳಲ್ಲಿ ಕೇಳಿ ಪಡೆದರೆ ಕಂದುಗಪ್ಪಿನ ಬೆಲ್ಲ ಈಗಲೂ ದೊರೆಯುತ್ತದೆ. ಅದರಲ್ಲಿ ಕಬ್ಬಿನ ಗಂಧವಿರುತ್ತದೆ, ತುಸು ಉಪ್ಪಿನ ಛಾಯೆಯಿರುತ್ತದೆ, ನಿಂಬೆಯೊಡನೆ ಅದು ಕೂಡಿದಾಗ ಬರುವ ಗಾಂಭೀರ್ಯವು ಸಕ್ಕರೆಯಿಂದ ಎಂದಿಗೂ ಬಾರದು.

ರಸವು ಒಂದೇ ಆದರೂ ಹಣ್ಣು ಹಣ್ಣಿಗೆ ಅದರ ಪ್ರಮಾಣ ಬೇರೆ. ಪರಂಗಿಗೆ ನಿಂಬೆ ಧಾರಾಳವಾಗಿ ಬೇಕು. ಅದರ ಒಂದು ಬಗೆಯ ಮಂಕುವಾಸನೆಯನ್ನು ನಿಂಬೆಯಲ್ಲದೆ ಇನ್ನಾವುದೂ ತೊಲಗಿಸದು. ಸಪೋಟಕ್ಕೂ ಹಾಗೆಯೇ, ಅತಿಯಾದ ಅದರ ಸಿಹಿಗೆ ಅಂಕುಶ ಬೇಕು. ಸೀಬೆಗೆ ಮೆಣಸು ಒಪ್ಪುತ್ತದೆ. ಚಕ್ಕೋತದ ತೊಳೆಗಳಿಗೆ ಚಿಟಿಕೆಯ ಮೇಲೆ ಇನ್ನೊಂದು ಚಿಟಿಕೆ ಉಪ್ಪು ಬಿದ್ದರೂ ಹಿತವೇ. ಉಪ್ಪು ಕಹಿಯನ್ನು ಅಡಗಿಸಿ ಒಳಗಿನ ಮಾಧುರ್ಯವನ್ನು ಹೊರತರುತ್ತದೆ. ಹುಳಿಯಾದ ದ್ರಾಕ್ಷಿ ಕಿತ್ತಳೆಗಳು ಹೆಚ್ಚಾಗಿದ್ದರೆ ಒಂದೇ ನಿಂಬೆ ಸಾಕು. ಚೆನ್ನಾಗಿ ಮಾಗಿದ ರಸಪುರಿಯ ಮಾವಿಗೆ ರಸವೇ ಬೇಡವೆಂಬುದು ನನ್ನ ಅಭಿಪ್ರಾಯ; ಬಾದಾಮಿ ಮಾವಿನ ಗಟ್ಟಿಯಾದ ಹೋಳುಗಳಿಗಾದರೆ ಕೆಲವು ಹನಿ ಮಾತ್ರ. ಸೀತಾಫಲವನ್ನು ಈ ಕೂಟಕ್ಕೆ ಸೇರಿಸಬಾರದು, ಅದರ ತಿರುಳು ಕದಡಿ ಇತರ ಹಣ್ಣುಗಳ ಬಣ್ಣವನ್ನು ಕೆಡಿಸುತ್ತದೆ. ಹಲಸಿನ ತೊಳೆಯನ್ನೂ ಸೇರಿಸಬಾರದು, ಅದರ ಗಂಧದ ಮುಂದೆ ಉಳಿದ ಹಣ್ಣುಗಳಿಗೆ ಮಾತೇ ಇರುವುದಿಲ್ಲ. ಹಲಸನ್ನು ಅದರ ಪಾಡಿಗೆ ಬಿಟ್ಟು ಕಾಯಿಹಾಲು ಜೇನುತುಪ್ಪಗಳೊಡನೆ ಉಣ್ಣುವುದೇ ಅದಕ್ಕೆ ಸಲ್ಲಿಸುವ ಮರ್ಯಾದೆ. ಕಲ್ಲಂಗಡಿಯು ನೀರು ಬಿಡುವ ಹಣ್ಣಾದ್ದರಿಂದ ಬಡಿಸುವ ಕ್ಷಣದಲ್ಲಿ ಸೇರಬೇಕು. ಬಾಳೆಯು ಮೆತ್ತಗಿರುವ ಕಾರಣದಿಂದ ಅದೂ ಕಡೆಗೇ. ದಾಳಿಂಬೆಯ ಕಾಳು ಎಲ್ಲಕ್ಕಿಂತ ಮೇಲೆ.

ಬಟ್ಟಲನ್ನು ಅತಿಯಾಗಿ ತಣಿಸಬಾರದೆಂಬುದನ್ನು ವಿಶೇಷವಾಗಿ ಹೇಳುತ್ತೇನೆ, ಏಕೆಂದರೆ ತಂಪು ಎಂದರೆ ಮಂಜುಗಡ್ಡೆ ಎಂಬ ಭಾವನೆ ಇಂದು ಸಾರ್ವತ್ರಿಕವಾಗಿದೆ. ಶೈತ್ಯ ಹೆಚ್ಚಿದಂತೆಲ್ಲ ನಾಲಗೆಗೆ ಸಿಹಿಯ ಅರಿವು ಮಂದವಾಗುತ್ತದೆ, ಪರಿಮಳವು ಹಣ್ಣಿನಿಂದ ಮೇಲೇಳುವುದಿಲ್ಲ. ಆ ಕೊರತೆಯನ್ನು ತುಂಬುವುದಕ್ಕೆ ಮತ್ತೆ ಸಕ್ಕರೆಯನ್ನು ಸುರಿಯಬೇಕಾಗುತ್ತದೆ. ಮಣ್ಣಿನ ಹೂಜಿಯ ನೀರಿಗಿರುವಷ್ಟು ತಂಪು ಹಣ್ಣಿಗೆ ಸಾಕು.

ಕಾಯಿಹಾಲಿನ ರಸದ ಮಾರ್ಗ ಬೇರೆ. ಅರ್ಧ ಹೋಳು ತೆಂಗಿನಕಾಯಿಯನ್ನು ತುರಿದು, ಉಗುರುಬೆಚ್ಚನೆಯ ಸ್ವಲ್ಪ ನೀರಿನೊಡನೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಮೊದಲ ಹಾಲನ್ನು ಮಾತ್ರ ತೆಗೆದುಕೊಂಡು, ಅದರಲ್ಲಿ ಪುಡಿಮಾಡಿದ ಬೆಲ್ಲವನ್ನು ಬೆಂಕಿಯ ಸೋಂಕಿಲ್ಲದೆ ಕದಡಿ ಕರಗಿಸಿ, ಏಲಕ್ಕಿಯ ಪುಡಿಯನ್ನೂ ಹರಳುಪ್ಪಿನ ಒಂದು ಕಣವನ್ನೂ ಹಾಕಿದರೆ ಬಾಳೆ, ಕರಬೂಜ, ಮಾವು, ಹಲಸುಗಳಂತಹ ಸಿಹಿಯಾದ ಹಣ್ಣುಗಳಿಗೆ ಅದಕ್ಕಿಂತ ಸೌಮ್ಯವಾದ ಸಂಗಾತಿ ಸಿಗದು. ಎಳ್ಳನ್ನು ಹುರಿದು ಕಡೆಯಲ್ಲಿ ಉದುರಿಸಿದರೆ ಹಾಲಿನ ಸ್ನಿಗ್ಧತೆಯ ನಡುವೆ ಹಲ್ಲಿಗೆ ಸಿಗುವ ಆ ಸಣ್ಣ ಸದ್ದು ಇಡೀ ಬಟ್ಟಲನ್ನು ಎಚ್ಚರಿಸುತ್ತದೆ. ಕಾಯಿಹಾಲು ಬೇಸಗೆಯಲ್ಲಿ ಬಹುಬೇಗ ಹಳಸುವುದರಿಂದ ಮಾಡಿದ ಹೊತ್ತಿನಲ್ಲಿಯೇ ಉಂಡು ಮುಗಿಸುವುದು ಕಡ್ಡಾಯ. ದೊಡ್ಡ ಸಮಾರಂಭಗಳಿಗೆ ಇದನ್ನು ನಾನು ಸೂಚಿಸಲಾರೆ. ಇದು ಹತ್ತು ಹನ್ನೆರಡು ಜನ ಕೂಡಿದ ಮನೆಯ ಹಬ್ಬಕ್ಕೆ ಹೇಳಿ ಮಾಡಿಸಿದ್ದು.

ಸಮಾರಂಭದ ಮಾತು ಬಂದಾಗ ಅಡುಗೆಯವರು ಹೇಳುವ ಆಕ್ಷೇಪಣೆಯೊಂದುಂಟು: ಕಸ್ಟರ್ಡನ್ನು ಹಿಂದಿನ ರಾತ್ರಿಯೇ ಕಾಯಿಸಿಡಬಹುದು, ಹೆಚ್ಚಿದ ಹಣ್ಣನ್ನು ಇಡಲಾಗದು. ಈ ಆಕ್ಷೇಪಣೆಯನ್ನು ನಾನು ಲಘುವಾಗಿ ಎಣಿಸುವುದಿಲ್ಲ, ಐನೂರು ಎಲೆಗಳ ಪಂಕ್ತಿಯನ್ನು ನಿಭಾಯಿಸುವವರ ಶ್ರಮವನ್ನು ಬಲ್ಲವರು ಯಾರೂ ಎಣಿಸಲಾರರು. ಆದರೆ ಇದೇ ಅಡುಗೆಯವರು ಅದೇ ಪಂಕ್ತಿಗೆ ಕೋಸಂಬರಿಯನ್ನು ಹೇಗೆ ಬಡಿಸುತ್ತಾರೆಂಬುದನ್ನು ನೋಡಬೇಕು. ಹೆಸರುಬೇಳೆಯನ್ನು ಮುಂಚಿತವಾಗಿ ನೆನೆಸಿ ಬಸಿದಿಡುತ್ತಾರೆ. ಸೌತೆಕಾಯಿಯನ್ನು ಹೆಚ್ಚಿ ಪ್ರತ್ಯೇಕವಾಗಿಡುತ್ತಾರೆ. ಕಾಯಿತುರಿ ಒಂದು ಕಡೆ, ಒಗ್ಗರಣೆ ಒಂದು ಕಡೆ. ಉಪ್ಪನ್ನೂ ನಿಂಬೆಯನ್ನೂ ಮಾತ್ರ ಎಲೆಗಳನ್ನು ಹಾಸುವ ವೇಳೆಗೆ ಬೆರೆಸುತ್ತಾರೆ, ಏಕೆಂದರೆ ಮೊದಲೇ ಬೆರೆಸಿದರೆ ಸೌತೆ ನೀರೊಡೆದು ಕೋಸಂಬರಿ ಸೋತುಹೋಗುತ್ತದೆ. ಉಪ್ಪಿಗೂ ಬೆಲ್ಲಕ್ಕೂ ಈ ವಿಷಯದಲ್ಲಿ ಭೇದವಿಲ್ಲ. ಎರಡೂ ಹಣ್ಣು ತರಕಾರಿಗಳ ಒಳಗಿನ ನೀರನ್ನು ಹೊರಕ್ಕೆ ಸೆಳೆಯುತ್ತವೆ. ಆದುದರಿಂದ ನಿಂಬೆ ಬೆಲ್ಲಗಳ ರಸವನ್ನು ಬೆಳಗಿನ ಜಾವವೇ ಕೂಡಿಸಿ ಪಾತ್ರೆಯಲ್ಲಿ ಮುಚ್ಚಿಟ್ಟು, ಗಟ್ಟಿಯಾದ ಹಣ್ಣುಗಳನ್ನು ಮೊದಲು, ಮೆತ್ತಗಿನವನ್ನು ಆಮೇಲೆ ಹೆಚ್ಚಿ, ಪಂಕ್ತಿಗೆ ಸಾರು ಹೋಗುವ ಹೊತ್ತಿಗೆ ರಸವನ್ನು ಬೆರೆಸುವುದು ಕೋಸಂಬರಿಯ ಶಿಸ್ತನ್ನೇ ಹಣ್ಣಿಗೂ ಅನ್ವಯಿಸಿದಂತೆ, ಅಷ್ಟೆ. ಹೆಚ್ಚಿದ ಹಣ್ಣನ್ನು ಎರಡು ಗಂಟೆಗಿಂತ ಹೆಚ್ಚು ಕಾಲ ಹೊರಗೆ ಬಿಡಬಾರದೆಂಬ ನಿಯಮವು ಇದರೊಡನೆ ತಾನಾಗಿಯೇ ಪಾಲಿತವಾಗುತ್ತದೆ; ಹೆಚ್ಚುವ ಮೊದಲು ಹಣ್ಣನ್ನು ಸಿಪ್ಪೆಸಹಿತ ತೊಳೆಯಬೇಕೆಂಬುದನ್ನು ಮಾತ್ರ ಮರೆಯಬಾರದು.

ಈ ಬಟ್ಟಲಿನ ವಿಷಯವನ್ನು ಪತ್ರಿಕೆಯಲ್ಲಿ ಎತ್ತುವುದಕ್ಕೆ ನನ್ನನ್ನು ಪ್ರೇರಿಸಿದ್ದು ರುಚಿಯೊಂದೇ ಅಲ್ಲ. ಒಂದು ಹಣ್ಣಿನ ತಳಿಯು ಉಳಿಯುವುದೂ ಅಳಿಯುವುದೂ ಅದನ್ನು ಕೇಳಿ ಕೊಳ್ಳುವವರನ್ನು ಬಹುಮಟ್ಟಿಗೆ ಅವಲಂಬಿಸಿದೆ. ನಂಜನಗೂಡಿನ ರಸಬಾಳೆಯು ಪನಾಮಾ ಸೊರಗುರೋಗಕ್ಕೆ ಸಿಕ್ಕಿ, ತನ್ನ ತವರಿನ ಮಣ್ಣಿನಲ್ಲಿಯೇ ಅಪರೂಪವಾದದ್ದನ್ನು ನಾವು ಕಂಡಿದ್ದೇವೆ. ಕೊಡಗಿನ ಕಾಫಿಯ ತೋಟಗಳ ನಡುವೆ ಬೆಳೆಯುತ್ತಿದ್ದ, ಸಡಿಲ ಸಿಪ್ಪೆಯ, ಹುಳಿಸಿಹಿಗಳು ಹದವಾಗಿ ಬೆರೆತ ಕಿತ್ತಳೆಯು ರೋಗದಿಂದ ಕ್ಷೀಣಿಸಿತು. ದೇವನಹಳ್ಳಿಯ ಚಕ್ಕೋತದ ತೋಟಗಳಿದ್ದ ಸೀಮೆಯಲ್ಲಿ ಭೂಮಿಯ ಬೆಲೆ ಗಗನಕ್ಕೇರಿದ ಮೇಲೆ ಮರಗಳನ್ನು ಉಳಿಸಿಕೊಳ್ಳುವುದು ರೈತನಿಗೆ ಕಠಿನವಾಯಿತು. ಈ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಮಾನ್ಯತೆಯ ಪತ್ರವು ಹೆಸರನ್ನು ರಕ್ಷಿಸಬಲ್ಲುದು, ಮರವನ್ನು ರಕ್ಷಿಸಲಾರದು. ಮರವನ್ನು ರಕ್ಷಿಸುವವರು ಅದರ ಹಣ್ಣನ್ನು ಕೊಳ್ಳುವವರು. ಮದುವೆಯ ಬಟ್ಟಲಿನಲ್ಲಿ ಕಸ್ಟರ್ಡಿನ ಕೆಳಗೆ ಯಾವ ಹಣ್ಣಿದ್ದರೂ ನಡೆಯುವುದಾದರೆ, ಸಾವಿರಾರು ಮೈಲಿಗಳ ಆಚೆಯಿಂದ ಮೇಣ ಸವರಿಸಿಕೊಂಡು ಬಂದ ಸೇಬಿಗೂ ಇಲ್ಲಿನ ಚಕ್ಕೋತಕ್ಕೂ ವ್ಯತ್ಯಾಸವನ್ನು ಗುರುತಿಸುವವರಾರು? ತಿಳಿಯಾದ ರಸದಲ್ಲಿ ಹಣ್ಣು ತನ್ನ ಮುಖವನ್ನು ತೋರಿಸಲೇಬೇಕಾಗುತ್ತದೆ; ಆಗ ಒಳ್ಳೆಯ ಹಣ್ಣನ್ನು ಹುಡುಕುವುದು ಅನಿವಾರ್ಯವಾಗುತ್ತದೆ.

ಹುಡುಕುವುದಕ್ಕೆ ನಮಗೆ ಸಾಧನಗಳಿಲ್ಲದೆ ಇಲ್ಲ. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಆರಂಭವಾಗಿ, ಡಾ. ಎಂ. ಎಚ್. ಮರಿಗೌಡರಂತಹ ತೋಟಗಾರಿಕೆಯ ತಜ್ಞರ ದೂರದೃಷ್ಟಿಯಿಂದ ಬೆಳೆದ ಹಾಪ್‌ಕಾಮ್ಸ್ ಮಳಿಗೆಗಳು ಇಂದಿಗೂ ಬೆಳೆಗಾರನ ಹಣ್ಣನ್ನು ನೇರವಾಗಿ ನಗರಕ್ಕೆ ತಲುಪಿಸುತ್ತಿವೆ. 1967ರಲ್ಲಿ ಸ್ಥಾಪಿತವಾದ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಸೀಬೆ, ಪರಂಗಿ, ದಾಳಿಂಬೆ, ಮಾವುಗಳಲ್ಲಿ ಹೊಸ ತಳಿಗಳನ್ನು ಕೊಟ್ಟಿದೆ. ಶ್ರೀನಿವಾಸಪುರದ ಮಾವು, ವಿಜಯಪುರದ ದ್ರಾಕ್ಷಿ ದಾಳಿಂಬೆಗಳು, ಕಮಲಾಪುರದ ಕೆಂಪುಬಾಳೆ, ಇವನ್ನೆಲ್ಲ ಋತುವನ್ನರಿತು ಕೇಳಿದರೆ ಸಿಗದೆ ಇರಲಾರವು. ಋತುವನ್ನರಿತು ಎಂಬ ಮಾತಿಗೆ ಒತ್ತು ಕೊಡುತ್ತೇನೆ. ಫಾಲ್ಗುಣದಲ್ಲಿಯೇ ಮಾವು ಬೇಕೆಂದು ಹಟ ಹಿಡಿಯುವವರಿಗಾಗಿಯೇ ಕಾರ್ಬೈಡಿನ ಪೊಟ್ಟಣಗಳು ಎಳೆಯ ಕಾಯಿಗಳ ನಡುವೆ ಸೇರಿಕೊಳ್ಳುವುದು. ಆರ್ಸೆನಿಕ್, ರಂಜಕಗಳ ಸೋಂಕುಳ್ಳ ಆ ವಸ್ತುವಿನಿಂದ ಹಣ್ಣು ಮಾಗಿಸುವುದನ್ನು ಕಾನೂನು ನಿಷೇಧಿಸಿದ್ದರೂ ಅದು ಮಾರುಕಟ್ಟೆಯಿಂದ ಪೂರ್ತಿಯಾಗಿ ತೊಲಗಿಲ್ಲ. ಹಾಗೆ ಹಣ್ಣಾದ ಮಾವಿಗೆ ಬಣ್ಣವಿರುತ್ತದೆ, ಒಳಗೆ ಪರಿಮಳವಿರುವುದಿಲ್ಲ. ದಪ್ಪನಾದ ಸಿಹಿದ್ರವದ ಕೆಳಗೆ ಅದು ಮರೆಯಾಗಿ ದಾಟಿಹೋಗುತ್ತದೆ. ನಿಂಬೆಯ ತಿಳಿರಸದಲ್ಲಿ ಮೊದಲ ತುತ್ತಿಗೇ ಸಿಕ್ಕಿಬೀಳುತ್ತದೆ.

ಮನೆಗಳಲ್ಲಿ ಇಷ್ಟೆಲ್ಲಕ್ಕೆ ಸಮಯವೆಲ್ಲಿ ಎಂದು ಕೇಳುವ ಗೃಹಿಣಿಯರಿಗೂ, ಕಚೇರಿಯಿಂದ ದಣಿದು ಬಂದು ಅಡುಗೆಗೆ ನಿಲ್ಲುವ ಗಂಡಸರಿಗೂ ನಾನು ಹೇಳುವುದಿಷ್ಟೆ: ಬೆಲ್ಲ ಶುಂಠಿ ಮೆಣಸುಗಳ ಪಾಕವನ್ನು ನಿಂಬೆಯಿಲ್ಲದೆ ಕಾಯಿಸಿ ಸೋಸಿ ಶೀಷೆಯಲ್ಲಿಟ್ಟು ತಣ್ಣನೆಯ ಪೆಟ್ಟಿಗೆಯಲ್ಲಿರಿಸಿದರೆ ಅದು ಕೆಲವು ದಿನ ಕೆಡದೆ ಇರುತ್ತದೆ. ಬೇಕಾದಾಗ ಎರಡು ಚಮಚ ತೆಗೆದು, ಅರ್ಧ ನಿಂಬೆಯನ್ನು ಹಿಂಡಿ, ಆ ಹೊತ್ತಿಗೆ ಮನೆಯಲ್ಲಿರುವ ಎರಡು ಹಣ್ಣುಗಳ ಮೇಲೆ ಸುರಿಯುವುದಕ್ಕೆ ಬೇಕಾಗುವ ಕಾಲ ಬಹಳವಿಲ್ಲ. ಹಣ್ಣು ತರಕಾರಿಗಳೆರಡೂ ಸೇರಿ ದಿನಕ್ಕೆ 400 ಗ್ರಾಮಾದರೂ ಮನುಷ್ಯನಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಣ್ಣನ್ನು ಹಿಂಡಿ ರಸ ಕುಡಿಯುವವರು ನಾರನ್ನು ಕಳೆದುಕೊಂಡು ಸಕ್ಕರೆಯನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಹೋಳುಮಾಡಿ ಅಗಿದು ತಿನ್ನುವವರಿಗೆ ಎರಡೂ ದಕ್ಕುತ್ತವೆ. ತರಕಾರಿಯೆಂದರೆ ಮುಖ ತಿರುಗಿಸುವ ಮಕ್ಕಳೂ, ಉಪ್ಪು ಹುಳಿ ಖಾರಗಳ ಸ್ಪರ್ಶವಿರುವ ಹಣ್ಣನ್ನು ಕೈಚಾಚಿ ಕೇಳುವುದನ್ನು ನಾನು ಕಂಡಿದ್ದೇನೆ. ವಿದ್ಯಾರ್ಥಿನಿಲಯಗಳ ಮೇಲ್ವಿಚಾರಕರು ವಾರಕ್ಕೊಂದು ದಿನ ಕೊಡುವ ಸಿಹಿತಿಂಡಿಗೆ ಬದಲಾಗಿ ಋತುವಿನ ಎರಡು ಹಣ್ಣುಗಳನ್ನು ಈ ಬಗೆಯಲ್ಲಿ ಕೊಟ್ಟು ನೋಡಬೇಕೆಂದು ನನ್ನ ಪ್ರಾರ್ಥನೆ.

ಮತ್ತೆ ಮದುವೆಯ ಮನೆಗೆ ಬರುವುದಾದರೆ, ಲೆಕ್ಕವೇನೂ ಭಯ ಹುಟ್ಟಿಸುವಂತಹದಲ್ಲ. ಐನೂರು ಜನರಿಗೆ ತಲೆಗೆ 100 ಗ್ರಾಮಿನಂತೆ ಹೆಚ್ಚಿದ ಹಣ್ಣು 50 ಕಿಲೋ. ಅದಕ್ಕೆ ಬೆಲ್ಲ ಎರಡೂವರೆ ಕಿಲೋ, ನಿಂಬೆಹಣ್ಣು 100, ಹಸಿಶುಂಠಿ ಕಾಲು ಕಿಲೋ, ಮೆಣಸು ಒಂದು ಹಿಡಿ, ಪುದೀನ ನಾಲ್ಕು ಕಟ್ಟು. ಕಸ್ಟರ್ಡಿಗೆ ತರಿಸುವ ಹಾಲೂ ಸಕ್ಕರೆಯೂ ಪುಡಿಯೂ ಉಳಿಯುತ್ತವೆ. ಅದರ ಬದಲು ಹಣ್ಣು ಹೆಚ್ಚುವುದಕ್ಕೆ ಇನ್ನಿಬ್ಬರು ಕೈಯಾಳುಗಳು ಬೇಕಾಗುತ್ತಾರೆ, ಅವರ ಕೂಲಿಯನ್ನು ಪಟ್ಟಿಯಲ್ಲಿ ಮೊದಲೇ ಬರೆಯಿಸಿ ಒಪ್ಪಿಕೊಳ್ಳಬೇಕು. ಮುಂಬರುವ ವೈಶಾಖದ ಲಗ್ನಗಳಿಗೆ ಅಡುಗೆಯವರೊಡನೆ ಸಾಮಾನಿನ ಪಟ್ಟಿ ಮಾಡಲು ಕುಳಿತುಕೊಳ್ಳುವವರು, ಆ ತಿಂಗಳಲ್ಲಿ ತಮ್ಮ ಸೀಮೆಯಲ್ಲಿ ಯಾವ ಹಣ್ಣು ಬರುತ್ತದೆಂಬುದನ್ನು ಮೊದಲು ಕೇಳಿ ತಿಳಿದುಕೊಂಡು, ಫ್ರೂಟ್ ಸಲಾಡ್ ಎಂದು ಬರೆಯುವ ಸಾಲಿನಲ್ಲಿ ಹಣ್ಣುಗಳ ಹೆಸರನ್ನು ಒಂದೊಂದಾಗಿ ಬರೆಯಿಸಲಿ.